ಥಳುಕಿಗಾಗಿ ಬಿಚ್ಚಿದ ಬ್ರೇಕು

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗುಲಿಯಲ್ಲಿ ಹಳೆಯ ಪೇಪರಿನ ಮೇಲೆ ಮುಷ್ಟಿಗಾತ್ರದ ಲೋಹದ ತುಂಡೊಂದು ಬಿದ್ದಿತ್ತು.

"ಏನೋ ಇದು?" ಎಂದೆ.

"ಕ್ಯಾಲಿಪರ್ ಅಮ್ಮಾ, ಮುಂದಿನ ಡಿಸ್ಕ್ ಬ್ರೇಕಿಂದು. ಕ್ರೋಮ್ ಮಾಡಿಸ್ತೀನಿ. ಕನ್ನಡಿ ಥರಾ ಹೊಳೆಯುತ್ತೆ" ಎಂದ ಮಗರಾಯ.

"ಅಲ್ಲೀವರೆಗೆ ಗಾಡಿ ನಿಲ್ಲೋದು ಹೇಗೆ?"

"ಹಿಂದಿನ ಬ್ರೇಕ್ ಇದೆಯಲ್ಲ!"

ನಾನು ಸುಮ್ಮನಾದೆ. ಅದು ನನ್ನ ತಪ್ಪು. ಮೂರನೆಯ ದಿನ ಅದೇ ಗಾಡಿಯ ಹಿಂದೆ ಕೂತು ಸಂತೆಗೆ ಹೊರಟಿದ್ದೆ. ತಿರುವಿನಲ್ಲಿ ಸ್ಕೂಲ್ ಬ್ಯಾಗು ಹೊತ್ತ ಪುಟ್ಟ ಹುಡುಗಿಯೊಬ್ಬಳು ರಸ್ತೆಗೆ ಓಡಿ ಬಂದಳು. ಮಗ ಬ್ರೇಕು ತುಳಿದ. ಹಿಂದಿನ ಚಕ್ರ ಜಾರಿ, ಗಾಡಿ ಅಡ್ಡಡ್ಡ ಎಳೆದುಕೊಂಡು ಹೋಗಿ, ಆ ಮಗುವಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ನನ್ನ ಮೊಣಕೈ ತರಚಿತ್ತು. "ಏನೂ ಆಗಲಿಲ್ಲವಲ್ಲ, ಬಿಡು" ಎಂದರು ನಮ್ಮವರು ಸಂಜೆ. ಏನೂ ಆಗಲಿಲ್ಲ, ನಿಜ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ! ಆದರೆ ಆ ಒಂದು ಮೊಳ ನನ್ನ ನಿದ್ದೆ ಕೆಡಿಸಿದೆ.

ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸು ಗಕ್ಕನೆ ನಿಂತಾಗ ನಾವೆಲ್ಲ ಮುಂದಿನ ಸೀಟಿಗೆ ಮುಗ್ಗರಿಸುವುದಿಲ್ಲವೆ, ಹಾಗೆ. ಆಗ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಅದನ್ನೇ ಬಿಚ್ಚಿಟ್ಟು "ಇನ್ನೊಂದು ಇದೆಯಲ್ಲ" ಎನ್ನುವುದು, ಬಲಗೈ ಕಟ್ಟಿಹಾಕಿಕೊಂಡು ಬಾವಿಯಿಂದ ನೀರು ಸೇದಿದ ಹಾಗೆ.

ಹೋಗಲಿ, ಹೊಳಪು ಬಂತೆ? ಬಂತು. ಆದರೆ ಹಿಡಿ ಒತ್ತಿದರೆ ಸ್ಪಂಜು ಅದುಮಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಕೊನೆಗೆ ಬೇರೊಬ್ಬ ಹಳೆಯ ಮೆಕ್ಯಾನಿಕ್ ಬಿಚ್ಚಿ ನೋಡಿ, ನನ್ನನ್ನೇ ಕರೆದು ತೋರಿಸಿದರು. ಕ್ಯಾಲಿಪರಿನ ಒಳಗೆ ಒಂದು ಪಿಸ್ಟನ್, ಅದರ ಸುತ್ತ ರಬ್ಬರಿನ ಉಂಗುರ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆಯೇ. ಹಿಡಿ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ನೂಕುತ್ತದೆ, ಅದು ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಕ್ರೋಮ್ ಮಾಡುವವರು ಈ ತುಂಡನ್ನು ರಾಸಾಯನಿಕಗಳಲ್ಲಿ ತೊಳೆದು, ತಾಮ್ರ, ನಿಕ್ಕಲ್ ಪದರ ಕೂರಿಸಿ, ಮೇಲೆ ಕ್ರೋಮ್ ಹಿಡಿಸುತ್ತಾರೆ. ಒಳಗಿನ ಕೊಳವೆ, ಗಾಡಿಗಳನ್ನು ಮುಚ್ಚದೆ ಹಾಗೇ ಅದ್ದಿದರೆ ಪದರ ಅಲ್ಲೂ ಕೂರುತ್ತದೆ. ಪಿಸ್ಟನ್ ಹಿಡಿದುಕೊಳ್ಳಬಹುದು, ಎದ್ದ ಚೂರು ರಬ್ಬರನ್ನು ಕೊಯ್ಯಬಹುದು. ಮತ್ತೆ ಜೋಡಿಸುವಾಗ ಹೊಸ ರಬ್ಬರು ಹಾಕಬೇಕು, ಸೀಲು ಒಡೆಯದ ಡಬ್ಬಿಯ ಆಯಿಲ್ ತುಂಬಬೇಕು, ಒಳಗೆ ಸೇರಿದ ಗಾಳಿಯನ್ನೆಲ್ಲ ಹೊರಡಿಸಬೇಕು. ಆಯಿಲ್ ಅದುಮಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ನಮ್ಮ ಗಾಡಿಯ ಆ ಮೆತ್ತಗಿನ ಹಿಡಿಯ ಗುಟ್ಟು ಇಷ್ಟೆ.

"ನನ್ನ ದುಡ್ಡು, ನನ್ನ ಗಾಡಿ" ಎಂದು ಮಗ ವಾದಿಸಿದ. ಶೋಕಿಗೆ ನಾನೇನು ಶತ್ರುವೆ? ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ನಮ್ಮವರ ಬಳಿಯೂ ಇತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ಅದರ ಸೈಲೆನ್ಸರನ್ನು ಉಜ್ಜಿ ಉಜ್ಜಿ ಮುಖ ನೋಡಿಕೊಳ್ಳುತ್ತಿದ್ದರು. ಮಡ್‌ಗಾರ್ಡಿಗೆ, ಸೈಲೆನ್ಸರಿಗೆ ಬೇಕಾದಷ್ಟು ಹೊಳಪು ಕೊಡಿ. ಕ್ಯಾಲಿಪರೇ ಹೊಳೆಯಬೇಕೆಂದರೆ ಆ ಗಾಡಿಗೆ ಹೊಂದುವಂಥದ್ದನ್ನು ಹೊಸದಾಗಿ ಕೊಂಡು, ಬಲ್ಲವರಿಂದ ಹಾಕಿಸಿ; ಅದು ಬರುವವರೆಗೆ ಹಳೆಯದು ತನ್ನ ಜಾಗದಲ್ಲೇ ಇರಲಿ. ಆದರೆ ನಿಲ್ಲಿಸುವ ಸಾಮಾನನ್ನು ಚಂದಕ್ಕಾಗಿ ಬಿಚ್ಚಿ ರಸ್ತೆಗೆ ಇಳಿಯುವ ಹಕ್ಕು ಯಾರಿಗೂ ಇಲ್ಲ. ಗಾಡಿ ನಿನ್ನದು, ರಸ್ತೆ ಆ ಮಗುವಿನದೂ ಹೌದು.

ಹಿಂದೆ ಕಲಾಯಿಯವನು ಬೀದಿಗೆ ಬಂದಾಗ ನಮ್ಮಮ್ಮ ಹಿತ್ತಾಳೆ ಪಾತ್ರೆಗಳನ್ನು ಹೊರಗಿಡುತ್ತಿದ್ದಳು. ಕಲಾಯಿ ಹಾಕಿಸುತ್ತಿದ್ದುದು ಪಾತ್ರೆಯ ಒಳಗೆ, ಹುಳಿ ಕಿಲುಬದಿರಲೆಂದು, ಉಣ್ಣುವವರು ಚೆನ್ನಾಗಿರಲೆಂದು. ಈಗಿನ ಹುಡುಗರದು ತದ್ವಿರುದ್ಧ. ಮೇಲೆ ಥಳುಕು, ಒಳಗೆ ಹುಳುಕು.

ಬ್ರೇಕು ಒಂದೇ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ನೋಡಿ: ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಲೇಬೇಕು. ಆ ಮರೆಯೇ ನಮ್ಮ ಸೀರೆ, ದುಪ್ಪಟ್ಟ ಚಕ್ರಕ್ಕೆ ಸಿಕ್ಕದಂತೆ ಕಾಯುವ ಸ್ಯಾರಿ ಗಾರ್ಡ್. "ಲುಕ್ ಕೆಡುತ್ತೆ" ಎಂದು ಹುಡುಗರು ಮೊದಲು ಕಿತ್ತು ಬಿಸಾಡುವುದು ಅದನ್ನೇ. ಗಮನಿಸಿದಿರಾ? ಚಂದಕ್ಕೆ ಅಡ್ಡ ಬರುವುದೆಲ್ಲ ಹಿಂದೆ ಕೂತವರ ಜೀವ ಕಾಯುವ ಸಾಮಾನೇ! ಹಿಂದೆ ಕೂರುವವರು ಯಾರು? ಅಮ್ಮ, ಹೆಂಡತಿ, ತಂಗಿ. ನಾವು ಮಾತ್ರ "ಗಾಡಿ ವಿಷಯ ನಮಗೇನು ಗೊತ್ತು" ಎಂದು ಸೆರಗು ಬಿಗಿದು ಕೂರುತ್ತೇವೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರನ್ನು ಒಲೆಗೆ ಏರಿಸದಷ್ಟು ಬುದ್ಧಿ ನಮಗಿದೆ. ಅಷ್ಟೇ ಬುದ್ಧಿ ಇಲ್ಲಿಗೂ ಸಾಕು.

ಈಗ ನಾನು ಗಾಡಿ ಹತ್ತುವ ಮೊದಲು ಮುಂದಿನ ಬ್ರೇಕಿನ ಹಿಡಿಯನ್ನು ಕೈಯಾರೆ ಒತ್ತಿ ನೋಡುತ್ತೇನೆ. ಗಟ್ಟಿಯಾಗಿ ನಿಂತರೆ ಹತ್ತುತ್ತೇನೆ. ಮೆತ್ತಗೆ ಹೋಯಿತೋ, ಆಟೋ ಕರೆಯುತ್ತೇನೆ. ಮಗ ನಗುತ್ತಾನೆ. ನಗಲಿ. ಆ ಒಂದು ಮೊಳವನ್ನು ಅಳೆದವಳು ನಾನು.