ಪ್ರತಿಭಾ ಪುರಸ್ಕಾರ ಮುಗಿದ ಮೇಲೆ

ಫಲಿತಾಂಶಗಳು ಬಂದವೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗಳೂ ಶಾಲು ಹೊದ್ದು ಫೋಟೊಕ್ಕೆ ನಿಂತಿದ್ದಳು. ಮುಂದೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವ ಆಸೆಯಿಂದ ಬಿ.ಎ. ಸೇರಿದಳು. ಮೊದಲ ಸೆಮಿಸ್ಟರಿನಲ್ಲೇ ಒಂದು ಪೇಪರಿನಲ್ಲಿ ಫೇಲು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಲೋಕಲ್‌ನಲ್ಲಿ ನಿಂತೇ ಗೈಡನ್ನು ಬಾಯಿಪಾಠ ಮಾಡಿದ ಹುಡುಗಿ ಅವಳು. ‘ಮಾಮ, ಪ್ರಶ್ನೆ ತಿರುಗಿಸಿ ಕೇಳಿದ್ರು’ ಎಂದು ಅತ್ತಳು. ಮನೆಯಲ್ಲಿ ‘ಸುಮ್ಮನೆ ಕಾಮರ್ಸ್‌ಗೆ ಸೇರಿಸಿ’ ಎಂಬ ಮಾತೂ ಎದ್ದಿತು.

ಪ್ರಶ್ನೆಯನ್ನು ತಿರುಗಿಸಿ ಕೇಳುವುದೇ ಈ ವಿಷಯದ ಜೀವಾಳ. ನಮ್ಮವರದೇ ಉದಾಹರಣೆ ನೋಡಿ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ 1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಅವರ ತಮ್ಮ ರಾಮರಾವ್ ಆಗ ಇದೇ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್. ಕೊರಿಯಾ ಯುದ್ಧ ಶುರುವಾದ ಜೂನ್ 25ರಂದು, ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ 82ನೇ ನಿರ್ಣಯದ ಪರ ಭಾರತ ಮತ ಹಾಕಿತು. ಎರಡು ದಿನದ ಬಳಿಕ, ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ 83ನೇ ನಿರ್ಣಯದ ಮತದಾನದಲ್ಲಿ ಭಾಗವಹಿಸಲಿಲ್ಲ. ದಿಲ್ಲಿಯ ಸೂಚನೆ ಬಂದಿರಲಿಲ್ಲ. ಆಮೇಲೆ ಅದನ್ನೂ ಒಪ್ಪಿತು. ಆದರೆ ಯುದ್ಧಕ್ಕೆ ಕಾದಾಡುವ ಪಡೆ ಕಳಿಸದೆ ವೈದ್ಯಕೀಯ ದಳವನ್ನು ಕಳಿಸಿತು.

ಗೈಡಿನಲ್ಲಿ ಇಷ್ಟೆಲ್ಲ ‘ಅಲಿಪ್ತ ನೀತಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ‘ಹಾಗಾದರೆ ಭಾರತ ತಟಸ್ಥವಾಗಿತ್ತೇ?’ ಎಂದು ಕೇಳಿದರೆ ಆ ಸಾಲು ಕೈಕೊಡುತ್ತದೆ. ಆ ನಿರ್ಣಯಗಳು ಚಿಕ್ಕವು, ವಿಶ್ವಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ಓದಿದವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ.

ಅವಳ ಓದಿನ ಕ್ರಮ ಬದಲಾದದ್ದು ಹೀಗೆ. ಏನೇ ಓದಲಿ, ಯಾರು ಹೇಳಿದರು, ಯಾವಾಗ, ಅದರಿಂದ ಅವರಿಗೇನು ಲಾಭ ಎಂದು ಮೂರು ಪ್ರಶ್ನೆ. ಪುಸ್ತಕ ಮುಚ್ಚಿ ನಾಲ್ಕೇ ಸಾಲಿನ ಸಾರಾಂಶ, ಜತೆಗೆ ಪುಟಸಂಖ್ಯೆ. ವಾರಕ್ಕೊಮ್ಮೆ ಒಂದೇ ಸುದ್ದಿಯನ್ನು ಕನ್ನಡ, ಮರಾಠಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿ, ಯಾರು ಏನನ್ನು ಬಿಟ್ಟಿದ್ದಾರೆಂದು ಗುರುತಿಸುವುದು. ಮುಂಬಯಿ ಕನ್ನಡಿಗರ ಮಕ್ಕಳಿಗೆ ಈ ಮೂರು ಭಾಷೆ ಪುಕ್ಕಟೆ ಬಂದ ಆಸ್ತಿ. ಕೊನೆಗೆ ಒಂದು ಪುಟದ ಉತ್ತರ: ನನ್ನ ವಾದ, ಅದಕ್ಕೆ ಆಧಾರ, ಎದುರಿನವರ ವಾದ.

ಇದನ್ನೆಲ್ಲ ಹೇಳಿಕೊಡಲು ಅವಳಿಗೆ ಒಬ್ಬ ನಿವೃತ್ತ ಅಧ್ಯಾಪಕರು ಸಿಕ್ಕರು. ಎಲ್ಲ ಮಕ್ಕಳಿಗೂ ಸಿಗುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆ ಕಟ್ಟಿದ ಊರು ಇದು. ಅವರ ಮೊಮ್ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ. ಅವರ ತೊಡಕು ಅಕ್ಷರದ್ದಲ್ಲ, ಓದುವ ಕ್ರಮದ್ದು. ಸಂಘದ ಸಭಾಗೃಹ ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆರೆದರೆ ಸಾಕು. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪ್ರಾಧ್ಯಾಪಕರು, ವಕೀಲರು ನಮ್ಮಲ್ಲೇ ಇದ್ದಾರೆ.

ಅಕ್ಕನ ಮಗಳು ಆ ಪೇಪರನ್ನು ಮತ್ತೆ ಬರೆದು ಪಾಸಾದಳು. ಶಾಲು ಹೊದೆಸುವಂಥ ಅಂಕವೇನಲ್ಲ. ಆದರೆ ಈಗ ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಬಂದಾಗ ಭಾವನ ಜತೆ ವಾದಕ್ಕಿಳಿಯುತ್ತಾಳೆ, ಆಧಾರ ಕೇಳುತ್ತಾಳೆ. ಕಾಮರ್ಸ್‌ನ ಮಾತು ಮನೆಯಲ್ಲಿ ಮತ್ತೆ ಎದ್ದಿಲ್ಲ.