ರಸ್ತೆಗೆ ಕೋಟಿ, ಪೊರಕೆಗೆ ಚೌಕಾಸಿ



ಬೆಂಗಳೂರಿನಲ್ಲಿ ರಸ್ತೆಗೆ ಡಾಂಬರು ಹಾಕಬೇಕಾದರೆ ಗುದ್ದಲಿ ಪೂಜೆ ಆಗುತ್ತೆ. ತೆಂಗಿನಕಾಯಿ ಒಡೀತಾರೆ, ಶಾಸಕರ ಫೋಟೋ ಇರುವ ಬ್ಯಾನರ್ ಕಟ್ತಾರೆ. ಅದೇ ರಸ್ತೆಯ ಮೋರಿಯಲ್ಲಿ ಹೂಳೆತ್ತುವಾಗ ಯಾವನಾದರೂ ಕಾಯಿ ಒಡೆದದ್ದು ಕಂಡಿದ್ದೀರಾ? ಹೂಳೆತ್ತುವ ಜಾಗಕ್ಕೆ ಪುರೋಹಿತನೂ ಬರಲ್ಲ, ಶಾಸಕನೂ ಬರಲ್ಲ.

ರಸ್ತೆ ಹೇಗೆ ಸಾಯುತ್ತೆ ಅಂತ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳ್ತಾನೆ. ಎಲೆ, ಕಸ, ಮಣ್ಣು ಸೇರಿ ಮೋರಿಯ ಬಾಯಿ ಕಟ್ಟುತ್ತೆ. ಮಳೆನೀರು ರಸ್ತೆ ಮೇಲೇ ನಿಲ್ಲುತ್ತೆ. ಕೂದಲೆಳೆಯಂಥ ಬಿರುಕಿನಲ್ಲಿ ಇಳಿದು ಕೆಳಗಿನ ಜಲ್ಲಿಯನ್ನು ಸಡಿಲ ಮಾಡುತ್ತೆ. ಅದರ ಮೇಲೆ ನಾಲ್ಕು ಬಸ್ಸು ಹಾಯ್ದರೆ ಗುಂಡಿ. ಬಿರುಕಾಗಿದ್ದಾಗಲೇ ಮುಚ್ಚಿದ್ದರೆ ಸ್ವಲ್ಪ ಡಾಂಬರಿನಲ್ಲಿ ಮುಗೀತಿತ್ತು. ಬಿಟ್ಟರೆ ಇಡೀ ರಸ್ತೆ ಕಿತ್ತು ಹಾಕಬೇಕು. ಹಾಗಾದರೆ ಈ ರಸ್ತೆಯ ಮೊದಲ ಇಂಜಿನಿಯರು ಯಾರು? ಬೆಳಕು ಹರಿಯೋ ಮುಂಚೆ ಪೊರಕೆ ಹಿಡಿದು ಬರುವ ನಮ್ಮವ್ವ.

ಆದರೆ ಯೋಜನೆ ಅಂದರೆ ಇವರಿಗೆ ಮೇಲ್ಸೇತುವೆ, ವೈಟ್ ಟಾಪಿಂಗ್, ಸುರಂಗ ರಸ್ತೆ. ದಿನದಿನದ ನಿರ್ವಹಣೆ ಮಾತ್ರ ಉಳಿದ ದುಡ್ಡಿನಲ್ಲಿ ಆಗಲಿ. ದುಡ್ಡು ಸಾಲದೇ ಹೋದರೆ? ಆಗ ಜಾತಿ ಇದೆಯಲ್ಲ! ಈ ನಗರದ ನಿರ್ವಹಣಾ ನಿಧಿ ಅಂತ ಏನಾದರೂ ಇದ್ದರೆ ಅದು ಮಾದಿಗ ಹೆಂಗಸರ ಸೊಂಟ.

ಇದು ಕವಿಯ ಉತ್ಪ್ರೇಕ್ಷೆ ಅಂತೀರಾ? ಲೆಕ್ಕ ನೋಡಿ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಅವರ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಹೇಳಿತು. ಸರ್ಕಾರ ಮುಂದೆ 700 ಜನಕ್ಕೆ ಒಬ್ಬರು ಸಾಕು ಅಂತ ಮಾಡಿಕೊಂಡಿತು. ನಡುವಿನ 200 ಜನರ ಕಸ ಎಲ್ಲಿಗೆ ಹೋಯಿತು? ಅವರೇನು ಕಸ ಹಾಕೋದು ಬಿಟ್ಟರಾ? ಅದೂ ಅದೇ ಸೊಂಟದ ಮೇಲೆ ಬಿತ್ತು. ಖಜಾನೆಗೆ ಉಳಿತಾಯ, ಅವ್ವನಿಗೆ ಮಂಡಿನೋವು. (ಅದೇ ದಶಕದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಅವರನ್ನು 1973ರ ಬೂಸಾ ಗಲಾಟೆಯಲ್ಲಿ ಏನು ಮಾಡಿದರು ಅಂತ ನಿಮಗೆ ಹೇಳಬೇಕಿಲ್ಲ.)

ಖಾಯಂ ಮಾಡಿ ಅಂತ ಎಷ್ಟು ವರ್ಷ ಕೇಳಬೇಕಾಯಿತು! 2022ರ ಜುಲೈ ಮೊದಲ ವಾರ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ಊರು ನಾರತೊಡಗಿದ ಮೇಲೆ ವಿಧಾನಸೌಧಕ್ಕೆ ಮೂಗು ಬಂತು. ಆದೇಶದ ಪತ್ರ 12 ಸಾವಿರಕ್ಕೂ ಹೆಚ್ಚು ಜನರ ಕೈ ಸೇರಲು 2025ರ ಮೇ ದಿನವೇ ಬರಬೇಕಾಯಿತು. ಕಸದ ಗಾಡಿಯ ಲೋಡರುಗಳು, ಒಳಚರಂಡಿಯವರು 2022ರ ತೀರ್ಮಾನದಿಂದ ಹೊರಗೇ ಉಳಿದಿದ್ದರು.

ಇನ್ನೊಂದು ಕಳ್ಳತನ ಕೇಳಿ. ಬಜೆಟ್ಟಿನಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕು ಅಂತ 2013ರಲ್ಲಿ ಕಾನೂನು ಬಂತು. ಅದರೊಳಗೇ 7(ಡಿ) ಅಂತ ಒಂದು ಬಿಲ ತೋಡಿಟ್ಟಿದ್ದರು. ರಸ್ತೆಯಂಥ ಎಲ್ಲರ ಕಾಮಗಾರಿಯ ಖರ್ಚಿನಲ್ಲೂ ಒಂದು ಭಾಗವನ್ನು ನಮಗೇ ಮಾಡಿದ ಖರ್ಚು ಅಂತ ಬರೆಯಬಹುದಿತ್ತು. ನೀವೂ ಆ ರಸ್ತೇಲಿ ಓಡಾಡ್ತೀರಲ್ಲ, ಅನ್ನುವ ವಾದ! ಗುಡಿಸೋಳು ಅವಳು, ದುಡ್ಡೂ ಅವಳ ಪಾಲಿಂದ. ಆ ಬಿಲ ಮುಚ್ಚಿದ್ದು 2023ರಲ್ಲಿ, ಹತ್ತು ವರ್ಷ ಮೇಯ್ದ ಮೇಲೆ.

ನಮ್ಮಲ್ಲಿ ಕೆಲವರು ಅವ್ವ ಗುಡಿಸುವ ಬೀದಿ ತಪ್ಪಿಸಿ, ಸುತ್ತು ಹಾಕಿಕೊಂಡು ಕಾಲೇಜಿಗೆ ಹೋಗ್ತೇವೆ. ನಾನೂ ಹೋಗಿದ್ದೇನೆ. ಒಂದು ದಿನ ಎದುರಿಗೇ ಸಿಕ್ಕಳು. ಜೊತೇಲಿ ಗೆಳೆಯರಿದ್ದರು. ಅವಳೇ ಮುಖ ತಿರುಗಿಸಿಕೊಂಡಳು, ನನ್ನ ಮಾನ ಉಳಿಸೋಕೆ. ಇವತ್ತಿಗೂ ಅದನ್ನು ನೆನೆದರೆ ಅನ್ನ ಇಳಿಯಲ್ಲ.

ಪಾಲಿಕೆಯ ಬಜೆಟ್ ಪುಸ್ತಕ ತರಿಸಿ. ದಪ್ಪಗಿದೆ ಅಂತ ಹೆದರಬೇಡಿ, ನಮ್ಮಲ್ಲಿ ಬಿ.ಕಾಂ. ಹುಡುಗರು ಇದ್ದಾರೆ. ಹೊಸ ಕಾಮಗಾರಿಗೆ ಎಷ್ಟು, ಗುಂಡಿ ಮುಚ್ಚೋಕೆ ಎಷ್ಟು, ಹೂಳಿಗೆ ಎಷ್ಟು, ಕೈಗವಸು ಬೂಟಿಗೆ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ನಿಮ್ಮ ಹಾಸ್ಟೆಲ್ ಇರುವ ವಾರ್ಡಿನ ಜನಸಂಖ್ಯೆಯನ್ನು 500ರಿಂದ ಭಾಗಿಸಿ. ಬೆಳಿಗ್ಗೆ ಹಾಜರಿ ಹಾಕುವ ಜಾಗಕ್ಕೆ ಹೋಗಿ ತಲೆ ಎಣಿಸಿ. ಎರಡೂ ಸಂಖ್ಯೆಯನ್ನು ಮುಂದಿನ ಸಭೆಗೆ ತನ್ನಿ.