ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಸಮುದ್ರದಿಂದ ಬರುತ್ತದೆಯೇ?

"ನಿಮ್ಮ ಪ್ರತಿ ಎರಡನೇ ಉಸಿರು ಸಮುದ್ರದ ಕೊಡುಗೆ. ಸಮುದ್ರ ಸತ್ತರೆ ಮರುದಿನವೇ ನಮಗೆ ಉಸಿರಾಡಲು ಗಾಳಿ ಇರುವುದಿಲ್ಲ." ಜೂನ್ 8ರ ವಿಶ್ವ ಸಾಗರ ದಿನದ ಹೊತ್ತಿಗೆ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು?

ಯಾವುದು ಸರಿ?

ಸಮುದ್ರದ ಮೇಲ್ಪದರದಲ್ಲಿ ಸಸ್ಯಪ್ಲವಕಗಳೆಂಬ ಸೂಕ್ಷ್ಮ ಜೀವಿಗಳು ತೇಲುತ್ತಿರುತ್ತವೆ. ಒಂದು ಹನಿ ನೀರಿನಲ್ಲೇ ಸಾವಿರಾರು ಇರಬಹುದು. ಗಿಡಮರಗಳಂತೆ ಇವೂ ಬಿಸಿಲಿನಿಂದ ಆಹಾರ ತಯಾರಿಸಿ ಆಮ್ಲಜನಕ ಬಿಡುತ್ತವೆ. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ಸಮುದ್ರದಲ್ಲೇ ಆಗುತ್ತದೆ.

ಯಾವುದು ತಪ್ಪು?

ಹಾಗೆ ತಯಾರಾದ ಆಮ್ಲಜನಕವನ್ನು ಬಹುಪಾಲು ಸಮುದ್ರವೇ ಬಳಸಿಕೊಳ್ಳುತ್ತದೆ. ಮೀನುಗಳು ಉಸಿರಾಡುತ್ತವೆ, ಸತ್ತ ಪ್ಲವಕಗಳನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ. ಎರಡಕ್ಕೂ ಆಮ್ಲಜನಕ ಬೇಕು. ಕೊಳೆಯದೆ ತಳದ ಕೆಸರಿನಲ್ಲಿ ಹೂತುಹೋಗುವ ಪಾಲು ಅತಿ ಸಣ್ಣದು. ಅಷ್ಟಕ್ಕೆ ಸಮನಾದ ಆಮ್ಲಜನಕ ಮಾತ್ರ ಉಳಿತಾಯವಾಗುತ್ತದೆ. ಗಾಳಿಯಲ್ಲಿರುವ ಶೇ. 21ರಷ್ಟು ಆಮ್ಲಜನಕ ಹೀಗೆ ಕೋಟ್ಯಂತರ ವರ್ಷಗಳಲ್ಲಿ ಕೂಡಿಬಂದ ಗಂಟು. ಅದು ಒಂದು ದಿನದಲ್ಲಿ ಖಾಲಿಯಾಗುವುದಿಲ್ಲ.

ನಿಜವಾದ ಅಪಾಯ ಎಲ್ಲಿದೆ?

ನಮಗೆ ಉಸಿರು ಕಟ್ಟುವ ಮೊದಲು ಸಮುದ್ರಕ್ಕೇ ಉಸಿರು ಕಟ್ಟುತ್ತಿದೆ. ಜಗತ್ತಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ದೊಡ್ಡ ವಲಯಗಳಲ್ಲಿ ಒಂದು ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. ಮೇಲಿನಿಂದ ಕೆಲವು ನೂರು ಮೀಟರ್ ಕೆಳಗೆ ಇಳಿದರೆ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದು ಸಹಜವಾಗಿ ಉಂಟಾದದ್ದೇ. ಆದರೆ ಮನುಷ್ಯರ ಎರಡು ಕೆಲಸಗಳು ಅದನ್ನು ಹೆಚ್ಚಿಸಬಲ್ಲವು.

ಒಂದು, ಬಿಸಿ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ಸಮುದ್ರವೇ ಹೀರಿಕೊಂಡಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ.

ಎರಡು, ಕೊಳಚೆ ಮತ್ತು ರಸಗೊಬ್ಬರ. ಇವು ನದಿಗಳ ಮೂಲಕ ಕಡಲು ಸೇರಿದಾಗ ಪ್ಲವಕಗಳು ಮಿತಿಮೀರಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ.

ನಮಗೇನು ನಷ್ಟ?

ಊಟದ ತಟ್ಟೆಯಿಂದಲೇ ನೋಡಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಆಳದ ನೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಅದರಿಂದ ಪ್ಲವಕ ಬೆಳೆಯುತ್ತದೆ, ಬೂತಾಯಿ ಅದನ್ನು ತಿಂದು ಕೊಬ್ಬುತ್ತದೆ. ಆದರೆ ಆ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಅದು ಇನ್ನಷ್ಟು ಕುಸಿದರೆ ಮೀನು ಬೇರೆಡೆಗೆ ಹೋಗುತ್ತದೆ, ಓಡಲಾಗದ ಜೀವಿಗಳು ಸಾಯುತ್ತವೆ. ಮೀನುಗಾರರ ಬಲೆ ಬರಿದಾಗುತ್ತದೆ.

ನಾವೇನು ಮಾಡಬಹುದು?

• ಕಡಲು ದೂರ ಎಂದುಕೊಳ್ಳಬೇಡಿ. ಬೆಂಗಳೂರಿನ ವೃಷಭಾವತಿಯ ನೀರು ಅರ್ಕಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಶುದ್ಧೀಕರಣ ಘಟಕ ನಿಜಕ್ಕೂ ನಡೆಯುತ್ತಿದೆಯೇ ಎಂದು ಕೇಳಿ.
• ಗದ್ದೆ, ತೋಟಕ್ಕೆ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಹಾಕಿ. ಜೋರು ಮಳೆಗೆ ಮುಂಚೆ ಹಾಕಿದ ಗೊಬ್ಬರ ಹೊಳೆಪಾಲು.
• ಮರಿಮೀನು ಕೊಳ್ಳಬೇಡಿ. ಬೂತಾಯಿ ಕನಿಷ್ಠ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಇರಬೇಕೆಂಬುದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸು.

ಕೊನೆಯ ಮಾತು

ಆ ಸಂದೇಶ ಅರ್ಧ ಸತ್ಯ. ಸಮುದ್ರವನ್ನು ಉಳಿಸಬೇಕು ಎಂಬ ಮಾತು ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ಮುಂದಿನ ಸಲ ಫಾರ್ವರ್ಡ್ ಮಾಡುವಾಗ ಸರಿಯಾದ ಕಾರಣವನ್ನೇ ಕಳುಹಿಸಿ: ನಮ್ಮ ಬಿಸಿಯನ್ನೂ ಕೊಳೆಯನ್ನೂ ಹೊತ್ತ ಸಮುದ್ರಕ್ಕೆ ಈಗ ಉಸಿರಾಡಲು ಜಾಗ ಬೇಕಾಗಿದೆ.